ಲಡೋಗಾದ ಹಿಮಮಾರ್ಗ

ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲ ಕಾಲಿಟ್ಟೊಡನೆ ವಾಹನ ಚಾಲಕರಿಗೆ ಹೇಳುವ ಬುದ್ಧಿಮಾತು ಬಹುಮಟ್ಟಿಗೆ ಎಲ್ಲೆಡೆಯೂ ಒಂದೇ. ನಿಧಾನವಾಗಿ ಸಾಗಿರಿ, ಮುಂದಿನ ವಾಹನದಿಂದ ದೂರವಿರಿ, ಹೊರೆಯನ್ನು ಮಿತಗೊಳಿಸಿರಿ, ಗುರುತು ಮಾಡಿದ ದಾರಿಯನ್ನು ಬಿಟ್ಟು ಕದಲದಿರಿ, ನಿದ್ದೆ ಬಂದರೆ ನಿಲ್ಲಿಸಿರಿ. ಕೇಳುವುದಕ್ಕೆ ಇವು ಪಾಠಶಾಲೆಯ ಗೋಡೆಯ ಮೇಲೆ ಬರೆದ ಸೂಕ್ತಿಗಳಂತೆ ತೋರುತ್ತವೆ. ಓದಿದವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಆದರೆ 1941ರ ಚಳಿಗಾಲದಲ್ಲಿ, ಒಂದು ಹಾದಿಯ ಮೇಲೆ, ಈ ಐದು ಮಾತುಗಳಲ್ಲಿ ಒಂದೊಂದಕ್ಕೂ ಒಂದು ಮಹಾನಗರದ ಜೀವವೇ ತೂಗುಗಲ್ಲಾಗಿತ್ತು.

ಆ ಹಾದಿ ನೆಲದ ಮೇಲಿನದಲ್ಲ. ರಷ್ಯದ ವಾಯವ್ಯ ಭಾಗದಲ್ಲಿರುವ ಲಡೋಗಾ ಸರೋವರ ಹೆಪ್ಪುಗಟ್ಟಿದಾಗ ಅದರ ಮಂಜುಗಡ್ಡೆಯ ಮೇಲೆ ಹಾಯ್ದ ಹಾದಿ. ಸೈನ್ಯದ ಕಾಗದಪತ್ರಗಳಲ್ಲಿ ಅದಕ್ಕೆ ‘101ನೆಯ ಸೈನಿಕ ಮೋಟಾರು ರಸ್ತೆ’ ಎಂದು ಹೆಸರು. ಜನರು ಇಟ್ಟುಕೊಂಡ ಹೆಸರು ‘ಜೀವದ ಹಾದಿ’. ಯುದ್ಧದ ಕಥನಗಳಲ್ಲಿ ಈ ಹಾದಿ ಸಾಮಾನ್ಯವಾಗಿ ಸಾಹಸದ ಕಥೆಯಾಗಿಯೇ ಬರುತ್ತದೆ. ಸಾಹಸ ಅಲ್ಲಿ ಧಾರಾಳವಾಗಿಯೇ ಇತ್ತು. ಆದರೂ ಸಾಹಸದಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಮಿಗಿಲಾಗಿ, ಆ ಹಾದಿಯನ್ನು ಕಾಪಾಡಿದ್ದು ಎಚ್ಚರ. ಆ ಎಚ್ಚರವನ್ನು ಮನುಷ್ಯರು ಹೇಗೆ ಕಲಿತರು ಎಂಬುದೇ ಇಂದಿನ ಈ ಮಾತುಗಳ ವಿಷಯ.

1941ರ ಜೂನ್ 22ರಂದು ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ದಂಡೆತ್ತಿತು. ಲಡೋಗಾ ಸರೋವರದಿಂದ ನೇವಾ ನದಿ ಹೊರಡುವ ಎಡೆಯಲ್ಲಿ ಷ್ಲಿಸೆಲ್‌ಬುರ್ಗ್ ಎಂಬ ಊರಿದೆ. ಸೆಪ್ಟೆಂಬರ್ 8ರಂದು ಅದು ಜರ್ಮನರ ಕೈಸೇರಿದಾಗ, ಇಂದು ಸೇಂಟ್ ಪೀಟರ್ಸ್‌ಬರ್ಗ್ ಎಂದು ಕರೆಯಲ್ಪಡುವ ಲೆನಿನ್‌ಗ್ರಾಡ್ ನಗರಕ್ಕೆ ನೆಲದ ದಾರಿಗಳೆಲ್ಲವೂ ಮುಚ್ಚಿಹೋದವು. ದಕ್ಷಿಣದಲ್ಲಿ ಜರ್ಮನ್ ಸೈನ್ಯ, ಉತ್ತರದಲ್ಲಿ ಫಿನ್ನಿಷ್ ಸೈನ್ಯ; ನಡುವೆ ಸುಮಾರು 25 ಲಕ್ಷ ಜನ, ಅವರಲ್ಲಿ 4 ಲಕ್ಷದಷ್ಟು ಮಕ್ಕಳು. ಪೂರ್ವಕ್ಕೆ ಮಾತ್ರ ಸರೋವರದ ನೀರು ತೆರೆದಿತ್ತು. ಶರತ್ಕಾಲದ ಬಿರುಗಾಳಿಗಳಲ್ಲಿ, ವಿಮಾನದಾಳಿಗಳ ನಡುವೆ, ದೋಣಿ ಹಡಗುಗಳು ಸಾಧ್ಯವಾದಷ್ಟು ಧಾನ್ಯ ತಂದವು. ನವೆಂಬರ್ ಬಂತು. ನೀರು ಹೆಪ್ಪುಗಟ್ಟತೊಡಗಿ ದೋಣಿಗಳು ನಿಂತವು.

ನಗರದ ರೊಟ್ಟಿಯ ಪಡಿತರವನ್ನು ಅಧಿಕಾರಿಗಳು ಮತ್ತೆ ಮತ್ತೆ ಇಳಿಸಿದರು. ನವೆಂಬರ್ 20ರಂದು ಅದು ತಳ ಮುಟ್ಟಿತು. ಕಾರ್ಖಾನೆಯ ಕೆಲಸಗಾರರಿಗೆ ದಿನಕ್ಕೆ 250 ಗ್ರಾಂ; ಕಚೇರಿಯ ನೌಕರರಿಗೆ, ಅವಲಂಬಿತರಿಗೆ, ಮಕ್ಕಳಿಗೆ 125 ಗ್ರಾಂ. ಆ ರೊಟ್ಟಿಯೂ ಶುದ್ಧ ಹಿಟ್ಟಿನದಲ್ಲ. ಹತ್ತಿಬೀಜದ ಹಿಂಡಿ, ಮರದಿಂದ ತೆಗೆದ ನಾರಿನ ಪುಡಿ ಅದರಲ್ಲಿ ಬೆರೆತಿದ್ದವು. ಇಷ್ಟು ಕೃಪಣವಾಗಿ ಹಂಚಿದರೂ ನಗರಕ್ಕೆ ದಿನವೊಂದಕ್ಕೆ 510 ಟನ್ ಹಿಟ್ಟು ಬೇಕಾಗುತ್ತಿತ್ತು. ಈ ಸಂಖ್ಯೆಯನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಸರೋವರದ ಮೇಲೆ ನಡೆದ ಪ್ರತಿಯೊಂದು ಲೆಕ್ಕಾಚಾರವೂ ಕೊನೆಗೆ ಇದರ ಮುಂದೆಯೇ ಬಂದು ನಿಲ್ಲುತ್ತಿತ್ತು.

ಹೆಪ್ಪುಗಟ್ಟಿದ ನೀರಿನ ಮೇಲೆ ಪ್ರಯಾಣ ಮಾಡುವುದು ರಷ್ಯನ್ನರಿಗೆ ಹೊಸತಲ್ಲ. ಜಾರುಬಂಡಿಗಳು ತಲೆತಲಾಂತರದಿಂದ ನದಿ ಸರೋವರಗಳನ್ನು ಚಳಿಗಾಲದಲ್ಲಿ ದಾಟುತ್ತಿದ್ದವು. ಆದರೆ ಯಂತ್ರದ ಭಾರ ಬೇರೆ. 1904ರಲ್ಲಿ ಜಪಾನಿನೊಡನೆ ಯುದ್ಧ ಹೂಡಿದ್ದ ಕಾಲದಲ್ಲಿ ಬೈಕಾಲ್ ಸರೋವರದ ಮಂಜುಗಡ್ಡೆಯ ಮೇಲೆ ರೈಲು ಹಳಿಗಳನ್ನೇ ಹಾಸಿದ್ದರು. ಪರೀಕ್ಷೆಗೆಂದು ಬಿಟ್ಟ ಎಂಜಿನ್ ಮಂಜುಗಡ್ಡೆ ಒಡೆದು ಮುಳುಗಿತು. ಬಳಿಕ ಎಂಜಿನ್‌ಗಳನ್ನು ಬಿಡಿಬಿಡಿಯಾಗಿ ಕಳಚಿ ಕುದುರೆಗಳಿಂದ ಎಳೆಸಿ ದಾಟಿಸಬೇಕಾಯಿತು. ಬೈಕಾಲ್ ಕಲಿಸಿದ ಪಾಠ ಸರಳವಾಗಿತ್ತು: ಮಂಜುಗಡ್ಡೆ ಭಾರವನ್ನು ಹೊರುತ್ತದೆ, ಆದರೆ ಭಾರವನ್ನು ಹಂಚಿ ಹೊರಿಸಬೇಕು.

ಲಡೋಗಾ ಯೂರೋಪಿನಲ್ಲೇ ಅತ್ಯಂತ ದೊಡ್ಡ ಸರೋವರ. ಅದರ ನಡುಭಾಗ ಆಳವಾದುದು, ಹೆಪ್ಪುಗಟ್ಟುವುದು ತಡ. ದಕ್ಷಿಣದ ಕೊಲ್ಲಿ ಮಾತ್ರ ಆಳ ಕಡಿಮೆಯಾದುದರಿಂದ ಬೇಗ ಗಟ್ಟಿಯಾಗುತ್ತದೆ. ಪಶ್ಚಿಮ ದಡದ ಕೊಕ್ಕೊರೆವೊ ಎಂಬ ಹಳ್ಳಿಯಿಂದ ಪೂರ್ವ ದಡದ ಕೊಬೊನಾ ಎಂಬ ಹಳ್ಳಿಗೆ ಸುಮಾರು 30 ಕಿ.ಮೀ. ದೂರ. ಈ 30 ಕಿ.ಮೀ. ಷ್ಲಿಸೆಲ್‌ಬುರ್ಗ್‌ನಲ್ಲಿದ್ದ ಶತ್ರುವಿನ ಫಿರಂಗಿಗಳ ಎಟುಕಿನಲ್ಲೂ ಇತ್ತು. ಬೇರೆ ಆಯ್ಕೆ ಇರಲಿಲ್ಲ.

ಮೊದಲು ಬೇಕಾದದ್ದು ಕಾಯುವ ಧೈರ್ಯ. ನಗರದ ಆಹಾರ ಸರಬರಾಜಿನ ಹೊಣೆ ಹೊತ್ತಿದ್ದ ದ್ಮಿತ್ರಿ ಪಾವ್ಲೊವ್ ಅಂದಿನ ಲೆಕ್ಕವನ್ನು ದಾಖಲಿಸಿದ್ದಾರೆ. ಉಷ್ಣತೆ ಸೊನ್ನೆಗಿಂತ 5 ಡಿಗ್ರಿ ಕೆಳಗಿದ್ದರೆ 10 ಸೆಂ.ಮೀ. ದಪ್ಪದ ಮಂಜುಗಡ್ಡೆ ಕಟ್ಟಲು 64 ಗಂಟೆ ಬೇಕು. 10 ಡಿಗ್ರಿ ಕೆಳಗಿದ್ದರೆ 34 ಗಂಟೆ. 15 ಡಿಗ್ರಿ ಕೆಳಗಿದ್ದರೆ 23 ಗಂಟೆ. ಹೊರೆಯಿಲ್ಲದ ಕುದುರೆ ನಡೆಯಲು 10 ಸೆಂ.ಮೀ. ಸಾಕು, ಒಂದು ಟನ್ ಹೊರೆ ಹೊತ್ತ ಲಾರಿಗೆ 20 ಸೆಂ.ಮೀ. ಬೇಕು. ದಪ್ಪ ಹೆಚ್ಚಿದಂತೆಲ್ಲ ಅದು ಬೆಳೆಯುವ ವೇಗ ಕುಗ್ಗುತ್ತದೆ, ಏಕೆಂದರೆ ಮೇಲಿನ ಪದರವೇ ಕೆಳಗಿನ ನೀರಿಗೆ ಹೊದಿಕೆಯಾಗುತ್ತದೆ. ಹಸಿದ ನಗರವೊಂದು ಥರ್ಮಾಮೀಟರನ್ನು ನೋಡುತ್ತ ಚಳಿ ಇನ್ನೂ ಹೆಚ್ಚಲಿ ಎಂದು ಹಾರೈಸಿತು. ಸೌದೆಯಿಲ್ಲದ ಅದೇ ಮನೆಗಳಲ್ಲಿ ಅದೇ ಚಳಿ ಜನರನ್ನು ಕೊಲ್ಲುತ್ತಿತ್ತು.

ನವೆಂಬರ್ 17ರಂದು ಮಂಜುಗಡ್ಡೆಯ ದಪ್ಪ 10 ಸೆಂ.ಮೀ. ಮುಟ್ಟಿತು. ಆ ಹೊತ್ತಿಗೆ ಸೇತುವೆ ಕಟ್ಟುವ ದಳದ ಒಂದು ಚಿಕ್ಕ ತಂಡ ಬಿಳಿಯ ನಿಲುವಂಗಿ ತೊಟ್ಟು, ಒಬ್ಬರಿಗೊಬ್ಬರು ಹಗ್ಗ ಬಿಗಿದುಕೊಂಡು, ಕೈಯಲ್ಲಿ ಗಳು ಹಿಡಿದು ಸರೋವರಕ್ಕಿಳಿಯಿತು. ಅಲ್ಲಲ್ಲಿ ರಂಧ್ರ ಕೊರೆದು ದಪ್ಪವನ್ನು ಅಳೆದು, ಗಟ್ಟಿಯಾದೆಡೆಯಲ್ಲಿ ಗುರುತಿನ ಕೋಲು ನೆಟ್ಟು, ಬಿರುಕು ಕಂಡೆಡೆ ಸುತ್ತಿ ಹೋಗಿ, ಅವರು ಆಚೆಯ ದಡ ಸೇರಿದರು. ದಾರಿ ಎಂಬುದು ಆ ಕೋಲುಗಳ ಸಾಲು, ಅಷ್ಟೆ. ಅದರ ಎಡಬಲಗಳಲ್ಲಿ ನೋಡುವುದಕ್ಕೆ ಅದೇ ಬಿಳುಪು, ಅದೇ ಸಮತಲ. ಅಲ್ಲಿ ಏನಿದೆ ಎಂಬುದನ್ನು ಮಾತ್ರ ಯಾರೂ ಅಳೆದಿರಲಿಲ್ಲ.

ನವೆಂಬರ್ 20ರ ವೇಳೆಗೆ ದಪ್ಪ 18 ಸೆಂ.ಮೀ. ಆಯಿತು. ಮೊದಲು ಕುದುರೆಗಳ ಜಾರುಬಂಡಿಗಳು ಹೊರಟವು. ಬಳಿಕ ನವೆಂಬರ್ 22ರಂದು 60 ಲಾರಿಗಳ ಮೊದಲ ಸಾಲು ಪೂರ್ವ ದಡಕ್ಕೆ ಹೊರಟು, ಮರುದಿನ ಹಿಟ್ಟು ಹೊತ್ತು ಹಿಂತಿರುಗಿತು. ಅವು ಅಮೆರಿಕದ ಫೋರ್ಡ್ ಕಂಪನಿಯ ಮಾದರಿಯನ್ನು ಅನುಸರಿಸಿ ಗೋರ್ಕಿ ನಗರದ ಕಾರ್ಖಾನೆಯಲ್ಲಿ 1932ರಿಂದ ತಯಾರಾಗುತ್ತಿದ್ದ ಸಣ್ಣ ಲಾರಿಗಳು. ಒಂದೂವರೆ ಟನ್ ಹೊರುವ ಕಾರಣ ಜನ ಅವನ್ನು ‘ಪೊಲುತೊರ್ಕಾ’, ಎಂದರೆ ಒಂದೂವರೆಯದು, ಎನ್ನುತ್ತಿದ್ದರು. ಆದರೆ ಆ ಮೊದಲ ದಿನಗಳಲ್ಲಿ ಅವು ಹೊತ್ತದ್ದು ಒಂದೂವರೆ ಟನ್ನಲ್ಲ, ತಲಾ ಎರಡು ಮೂರು ಮೂಟೆ. ಕೆಲವು ಲಾರಿಗಳ ಹಿಂದೆ ಜಾರುಬಂಡಿ ಕಟ್ಟಿ ಭಾರವನ್ನು ಹಂಚಿದರು.

ಇಲ್ಲಿ ಆ ಚಾಲಕನ ಮನಸ್ಸನ್ನು ನಾವು ಊಹಿಸಿಕೊಳ್ಳಬೇಕು. ಹಿಂದೆ ಖಾಲಿ ಜಾಗವಿದೆ. ಪೂರ್ವ ದಡದಲ್ಲಿ ಮೂಟೆಗಳ ರಾಶಿಯಿದೆ. ಪಶ್ಚಿಮ ದಡದಾಚೆ ಅವನ ಮಕ್ಕಳಿರುವ ನಗರವಿದೆ. ಇನ್ನೊಂದು ಮೂಟೆ ಹೇರಿದರೆ ನೂರಾರು ಮಂದಿಗೆ ಒಂದು ದಿನದ ರೊಟ್ಟಿ. ಆದರೆ ಆ ಮೂಟೆಯ ಭಾರದಿಂದ ಮಂಜುಗಡ್ಡೆ ಒಡೆದರೆ ಹಿಟ್ಟು, ಲಾರಿ, ಚಾಲಕ ಮೂರೂ ತಳಕ್ಕೆ. ಮೇಲಾಗಿ ಹಿಂದಿನ ಸಾಲಿಗೂ ದಾರಿಯಿಲ್ಲ. ಕಡಿಮೆ ಹೊರುವುದೇ ಇಲ್ಲಿ ಹೆಚ್ಚು ತಲುಪಿಸುವ ದಾರಿಯಾಗಿತ್ತು. ಹಸಿವಿನ ಎದುರಿಗೆ ನಿಂತು ಈ ಮಾತನ್ನು ಒಪ್ಪುವುದು ಸುಲಭದ ಕೆಲಸವಲ್ಲ.

ಮೊದಲ ವಾರದ ಫಲಿತಾಂಶ ಕಠೋರವಾಗಿತ್ತು. ದಾಟಿಬಂದ ಹಿಟ್ಟು ಸುಮಾರು 800 ಟನ್. ನಗರದ ಒಂದೂವರೆ ದಿನದ ಅಗತ್ಯ. ಅಷ್ಟರಲ್ಲೇ ನಲವತ್ತರಷ್ಟು ಲಾರಿಗಳು ಮುಳುಗಿದ್ದವು. ಕೆಲವು ಬಾಂಬಿನಿಂದಾದ ರಂಧ್ರಗಳಿಗೆ ಬಿದ್ದವು. ಕೆಲವು ಹಿಮ ಮುಸುಕಿದ ಬಿರುಕುಗಳಿಗೆ. ಇನ್ನು ಕೆಲವು ಮುಳುಗಿದ್ದಕ್ಕೆ ಕಾರಣವೇ ತೋರಲಿಲ್ಲ. ಭಾರವಾದ ಲಾರಿ ಹಾದುಹೋದ ಜಾಗದಲ್ಲೇ ಹಗುರವಾದುದು ಕುಸಿಯುತ್ತಿತ್ತು.

ಈ ಒಗಟನ್ನು ಬಿಡಿಸುವ ಕೆಲಸ ಲೆನಿನ್‌ಗ್ರಾಡಿನ ಭೌತ-ತಾಂತ್ರಿಕ ಸಂಸ್ಥೆಯ ವಿಜ್ಞಾನಿಗಳ ಪಾಲಿಗೆ ಬಂತು. ಪಾವೆಲ್ ಕೊಬೆಕೊ ಈ ಕೆಲಸದ ಮುಂದಾಳು. ನೌಮ್ ರೈನೊವ್ ಎಂಬ ಸಂಶೋಧಕರು ಮಂಜುಗಡ್ಡೆಯ ಬಾಗುವಿಕೆಯನ್ನು ತಾನೇ ಬರೆದಿಡುವ, ವಿದ್ಯುತ್ತಿನ ಹಂಗಿಲ್ಲದ ಒಂದು ಉಪಕರಣವನ್ನು ರೂಪಿಸಿದರು. ಅದನ್ನು ಹಾದಿಯ ಬದಿಯಲ್ಲಿಟ್ಟು, ಲಾರಿಗಳು ಹಾದುಹೋಗುವಾಗ ಮಂಜುಗಡ್ಡೆ ಏನು ಮಾಡುತ್ತದೆಂಬುದನ್ನು ದಾಖಲಿಸಿದರು. ಅರೆಹೊಟ್ಟೆಯಲ್ಲಿ, ಬಯಲ ಚಳಿಯಲ್ಲಿ ನಡೆದ ವಿಜ್ಞಾನವಿದು.

ಅವರು ಕಂಡದ್ದೇನು? ಮಂಜುಗಡ್ಡೆ ಕಲ್ಲಿನ ಚಪ್ಪಡಿಯಂತೆ ನಿಶ್ಚಲವಲ್ಲ. ಅದು ನೀರಿನ ಮೇಲೆ ತೇಲುವ ಹಾಸು. ಹಗ್ಗದ ಮಂಚದ ಹಾಗೆ ಭಾರ ಬಿದ್ದೆಡೆ ಜಗ್ಗುತ್ತದೆ. ಲಾರಿ ಚಲಿಸಿದಂತೆ ಆ ಜಗ್ಗಿದ ಗುಳಿಯೂ ಅದರೊಡನೆ ಚಲಿಸುತ್ತದೆ. ಕೆಳಗಿನ ನೀರಿನಲ್ಲಿ ಅಲೆಯೇಳುತ್ತದೆ. ಅಲೆಗೆ ಅದರದೇ ಆದ ವೇಗವಿದೆ, ಆಳವಿಲ್ಲದ ನೀರಿನಲ್ಲಿ ಅದು ಮುಖ್ಯವಾಗಿ ಆಳವನ್ನು ಅವಲಂಬಿಸಿರುತ್ತದೆ. ಲಾರಿ ಅಲೆಗಿಂತ ನಿಧಾನವಾಗಿದ್ದರೆ ಅಪಾಯವಿಲ್ಲ. ಆದರೆ ಎರಡರ ವೇಗವೂ ಒಂದಾದರೆ, ಉಯ್ಯಾಲೆಯನ್ನು ಸರಿಯಾದ ಗಳಿಗೆಗೇ ಮತ್ತೆ ಮತ್ತೆ ತಳ್ಳಿದಂತೆ ಅಲೆ ಬೆಳೆಯುತ್ತ ಹೋಗಿ, ಹೊರಬಲ್ಲ ಭಾರಕ್ಕೂ ಮಂಜುಗಡ್ಡೆ ಸೀಳುತ್ತದೆ. ಲಡೋಗಾದ ಆ ಹಾದಿಯಲ್ಲಿ ಈ ಗಂಡಾಂತರದ ವೇಗ ಗಂಟೆಗೆ ಸುಮಾರು 35 ಕಿ.ಮೀ. ಎಂದು ಗೊತ್ತಾಯಿತು.

ಕೇಳುಗರು ಗಮನಿಸಬೇಕು: 35 ಕಿ.ಮೀ. ಎಂಬುದು ಹುಚ್ಚು ವೇಗವಲ್ಲ. ಹಿಮದ ಹಾದಿಯಲ್ಲಿ, ಹಳೆಯ ಲಾರಿಯಲ್ಲಿ, ತಕ್ಕಮಟ್ಟಿಗೆ ಅವಸರವಿರುವ ಜವಾಬ್ದಾರಿಯುತ ಮನುಷ್ಯ ಸಹಜವಾಗಿ ಹಿಡಿಯುವ ವೇಗವೇ ಅದು. ಅಪಾಯ ಅಡಗಿದ್ದುದು ಅಲ್ಲಿಯೇ. ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ಎರಡು ಲಾರಿಗಳು ಒತ್ತೊತ್ತಾಗಿ ಸಾಗಿದರೆ, ಅಥವಾ ಒಂದು ಇನ್ನೊಂದನ್ನು ಹಿಂದೆ ಹಾಕಿದರೆ, ಎರಡರ ಅಲೆಗಳೂ ಕೂಡಿಕೊಂಡು ಬಲಿಯಬಹುದು. ಆದ್ದರಿಂದ ವೇಗಕ್ಕೆ ಮಿತಿ, ನಡುವೆ ಅಂತರ, ಹಿಂದೆ ಹಾಕಲು ನಿಷೇಧ. ಗೋಡೆಯ ಮೇಲಿನ ಸೂಕ್ತಿಗಳಿಗೆ ಹೀಗೆ ಕಾರಣಗಳು ದೊರೆತವು.

ನಿಯಮ ತಿಳಿದರೆ ಸಾಲದು, ಅದನ್ನು ನಡೆಸುವವರು ಬೇಕು. ಹಾದಿಯುದ್ದಕ್ಕೂ ಕೆಲವು ನೂರು ಮೀಟರಿಗೊಬ್ಬರಂತೆ ಸಂಚಾರ ನಿಯಂತ್ರಕರು ನಿಂತರು. ಅವರಲ್ಲಿ ಅನೇಕರು ಎಳೆಯ ಹೆಣ್ಣುಮಕ್ಕಳು. ಹಗಲಿನಲ್ಲಿ ಕೈಯಲ್ಲಿ ಬಾವುಟ, ಇರುಳಿನಲ್ಲಿ ಲಾಂದ್ರ. ಬಿರುಗಾಳಿ ಎದ್ದಾಗ ಚಾಲಕನಿಗೆ ಕಾಣುತ್ತಿದ್ದುದು ಆ ಲಾಂದ್ರದ ಮಿಣುಕು ಮಾತ್ರ. ಹೊಸ ಬಿರುಕು ಕಂಡರೆ ಸಾಲನ್ನು ನಿಲ್ಲಿಸಿ, ಬಳಸುದಾರಿ ತೋರಿಸುವ ಅಧಿಕಾರ ಆ ಹುಡುಗಿಯದು. ಹಿಮದ ಇಟ್ಟಿಗೆಗಳಿಂದ ಕಟ್ಟಿದ ಗೋಡೆಯೇ ಗಾಳಿಗೆ ಅವಳ ಮರೆ. ಬೆಂಕಿ ಕಾಯಿಸಿಕೊಳ್ಳುವ ಠಾಣ್ಯಗಳು, ಶುಶ್ರೂಷೆಯ ಗುಡಾರಗಳು, ವಿಮಾನಗಳನ್ನು ಎದುರಿಸುವ ತೋಪುಗಳು, ಬಿರುಕಿನ ಮೇಲೆ ಹಾಸಲು ಮರದ ಸಂಕಗಳು ಎಲ್ಲವೂ ಮಂಜುಗಡ್ಡೆಯ ಮೇಲೆಯೇ.

ಹಿಮವನ್ನು ಗೋರುವವರ ಕೆಲಸವಂತೂ ಮುಗಿಯುವಂಥದಲ್ಲ. ಹಿಮ ನೋಡುವುದಕ್ಕೆ ತಂಪು. ಆದರೆ ಮಂಜುಗಡ್ಡೆಯ ಪಾಲಿಗೆ ಅದು ಕಂಬಳಿ. ಹಾದಿಯ ಮೇಲೆ ಹಿಮ ಕೂತರೆ ಮೇಲಿನ ಚಳಿ ಕೆಳಗಿನ ನೀರಿಗೆ ಮುಟ್ಟದೆ ಮಂಜುಗಡ್ಡೆ ದಪ್ಪವಾಗುವುದು ನಿಧಾನವಾಗುತ್ತದೆ. ಹಾಗಾಗಿ ಹಿಮ ಗೋರುವುದೆಂದರೆ ಚಕ್ರಕ್ಕೆ ದಾರಿ ಮಾಡುವುದಷ್ಟೇ ಆಗಿರಲಿಲ್ಲ, ಹಾದಿಯನ್ನು ಬೆಳೆಸುವುದೂ ಆಗಿತ್ತು. ಮಂಜುಗಡ್ಡೆ ಸವೆದಾಗ, ಒಡೆದಾಗ, ಪಕ್ಕದಲ್ಲಿ ಹೊಸ ಜಾಡು ಅಳೆದು ಹಾದಿಯನ್ನೇ ಸರಿಸುತ್ತಿದ್ದರು.

ಇಷ್ಟೆಲ್ಲದರ ತುದಿಯಲ್ಲಿ ಚಾಲಕ ಕೂತಿದ್ದ. ಲಾರಿಗೆ ಕಾವು ಕೊಡುವ ಸಾಧನವಿರಲಿಲ್ಲ. ಆ ಕೊರೆಯುವ ಗಾಳಿಯಲ್ಲೂ ಬಾಗಿಲನ್ನು ತೆರೆದಿಟ್ಟುಕೊಂಡೋ, ಕಳಚಿಯೋ ಓಡಿಸುತ್ತಿದ್ದರು. ಮಂಜುಗಡ್ಡೆ ಕುಸಿದರೆ ಹೊರಕ್ಕೆ ನೆಗೆಯಲು ಸಿಗುವುದು ಒಂದು ಕ್ಷಣ. ದಿನಕ್ಕೆ ಎರಡು ಸಲ ಹೋಗಿ ಬರುವುದು ನಿಯಮವಾಯಿತು. ಮೂರು ನಾಲ್ಕು ಸಲ ಹೋಗಿ ಬಂದವರೂ ಇದ್ದರು. ನಿದ್ದೆ ಬಂದರೆ ನಿಲ್ಲಿಸುವಂತಿರಲಿಲ್ಲ. ತಲೆಯ ಹಿಂದೆ ಊಟದ ತಗಡಿನ ಡಬ್ಬಿಯನ್ನು ತೂಗುಹಾಕಿ, ಅದು ಖಣಖಣ ಬಡಿದು ಎಚ್ಚರಿಸುವಂತೆ ಮಾಡಿಕೊಳ್ಳುತ್ತಿದ್ದರೆಂದು ಆ ಚಾಲಕರು ಮುಂದೆ ನೆನೆದುಕೊಂಡಿದ್ದಾರೆ. ಮಕ್ಕಳ ಹೊಸ ವರ್ಷದ ಹಬ್ಬಕ್ಕೆಂದು ಕಿತ್ತಳೆಯ ಜಾತಿಯ ಹಣ್ಣುಗಳನ್ನು ತಂದ ಮಕ್ಸಿಮ್ ತ್ವೆರ್ದೊಖ್ಲೆಬ್ ಎಂಬ ಚಾಲಕನ ಲಾರಿಯ ಮೇಲೆ ಎರಡು ವಿಮಾನಗಳು ಎರಗಿದವು. ಲಾರಿ ದಡ ಸೇರಿದಾಗ ಅದರಲ್ಲಿ 49 ಗುಂಡಿನ ತೂತುಗಳಿದ್ದವು.

ಡಿಸೆಂಬರ್ 9ರಂದು ಸೋವಿಯತ್ ಸೈನ್ಯ ತಿಖ್ವಿನ್ ಎಂಬ ರೈಲು ನಿಲ್ದಾಣದ ಊರನ್ನು ಮರಳಿ ಗೆದ್ದುಕೊಂಡದ್ದರಿಂದ ಸರಕು ಸರೋವರದ ಪೂರ್ವ ದಡವನ್ನು ಸುಲಭವಾಗಿ ತಲುಪತೊಡಗಿತು. ಮಂಜುಗಡ್ಡೆಯೂ ದಪ್ಪವಾಯಿತು. ಡಿಸೆಂಬರ್ 25ರಂದು ಪಡಿತರ ಏರಿತು: ಕೆಲಸಗಾರರಿಗೆ 350 ಗ್ರಾಂ, ಉಳಿದವರಿಗೆ 200 ಗ್ರಾಂ. ಮುಂದೆ ಭಾರಿ ಟ್ಯಾಂಕುಗಳನ್ನು ಕೂಡ ಗೋಪುರ ಕಳಚಿ, ಅದನ್ನು ಬೇರೆ ಜಾರುಬಂಡಿಯಲ್ಲಿ ಎಳೆದು ದಾಟಿಸಿದರು. ಬೈಕಾಲಿನ ಪಾಠ ಮರೆತಿರಲಿಲ್ಲ. 1942ರ ಜನವರಿಯ ಕೊನೆಯ ಭಾಗದಿಂದ, ಹಿಟ್ಟು ತಂದ ಲಾರಿಗಳು ಹಿಂದಿರುಗುವಾಗ ನಗರದ ಜನರನ್ನು ಹೊತ್ತೊಯ್ದವು. ಏಪ್ರಿಲ್ ನಡುವಿನ ಹೊತ್ತಿಗೆ ಹೀಗೆ ಆಚೆಯ ದಡ ಕಂಡವರು ಐದೂವರೆ ಲಕ್ಷ.

ಏಪ್ರಿಲ್ 24ರಂದು ಹಾದಿ ಮುಚ್ಚಿತು. ಕೊನೆಕೊನೆಗೆ ಮಂಜುಗಡ್ಡೆಯ ಮೇಲೆ ನಿಂತ ನೀರಿನಲ್ಲೇ ಚಕ್ರಗಳು ಉರುಳುತ್ತಿದ್ದವು. ಕಡೆಯದಾಗಿ ದಾಟಿಸಿದ ಸರಕುಗಳಲ್ಲಿ ಈರುಳ್ಳಿಯೂ ಇತ್ತು. 152 ದಿನಗಳಲ್ಲಿ ನಗರದ ಕಡೆಗೆ ಸಾಗಿದ ಒಟ್ಟು ಸರಕು 3,61,109 ಟನ್. ಅದರಲ್ಲಿ ಸುಮಾರು 2,62,000 ಟನ್ ಆಹಾರ. ಮುಂದಿನ ಚಳಿಗಾಲದಲ್ಲೂ ಹಾದಿ ತೆರೆಯಿತು. 1943ರ ಜನವರಿ 18ರಂದು ಮುತ್ತಿಗೆ ಸೀಳಿತು. 1944ರ ಜನವರಿ 27ರಂದು ಪೂರ್ಣವಾಗಿ ತೊಲಗಿತು.

ಈ ಹಾದಿ ಎಲ್ಲರನ್ನೂ ಉಳಿಸಲಿಲ್ಲ. ನ್ಯೂರೆಂಬರ್ಗಿನ ವಿಚಾರಣೆಯಲ್ಲಿ ಮಂಡಿಸಿದ ಲೆಕ್ಕದಂತೆ ಹಸಿವೆಯಿಂದ ಸತ್ತ ನಾಗರಿಕರು 6,32,253. ಅನಂತರದ ಇತಿಹಾಸಕಾರರ ಅಂದಾಜುಗಳು ಇದಕ್ಕಿಂತಲೂ ಹೆಚ್ಚು. ಎಚ್ಚರಿಕೆಯ ಲೆಕ್ಕಾಚಾರದಿಂದ ಎರಡು ಮೂಟೆ ಹೊತ್ತು ನಿಧಾನವಾಗಿ ಬಂದ ಲಾರಿ ಯಾರೋ ಒಬ್ಬರಿಗೆ ತಡವಾಗಿಯೇ ಬಂದಿರಬೇಕು. ಈ ಮಾತನ್ನು ಮರೆಮಾಚಿದರೆ ಆ ಚಾಲಕರಿಗೆ ನ್ಯಾಯ ಮಾಡಿದಂತಾಗುವುದಿಲ್ಲ. ನಿಧಾನವಾಗಿ ಓಡಿಸುವುದಕ್ಕೆ ಅವರು ತೆತ್ತ ಬೆಲೆಯೂ ಅದರಲ್ಲಿಯೇ ಇದೆ. ಅವಸರಕ್ಕೆ ಇಷ್ಟು ಬಲವಾದ ಕಾರಣ ಮತ್ತಾರಿಗೂ ಇದ್ದಿರಲಾರದು. ಆದರೂ ಅವರು ಲಾಂದ್ರ ಹಿಡಿದ ಹುಡುಗಿ ಕೈಯೆತ್ತಿದರೆ ನಿಂತರು.

ಕೊಕ್ಕೊರೆವೊದ ದಡದಲ್ಲಿ 1966ರಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿದರು. ಶಿಲ್ಪಿ ಕಾನ್ಸ್ತಾಂತಿನ್ ಸಿಮುನ್ ರೂಪಿಸಿದ ಅದರ ಹೆಸರು ‘ಒಡೆದ ಉಂಗುರ’. ಎರಡು ಬಾಗಿದ ಕಮಾನುಗಳು ಒಂದನ್ನೊಂದು ಮುಟ್ಟದೆ ನಿಂತಿವೆ. ಅವುಗಳ ನಡುವೆ ಕಾಂಕ್ರೀಟಿನಲ್ಲಿ ಮೂಡಿಸಿದ ಲಾರಿಯ ಚಕ್ರದ ಗುರುತುಗಳು ನೀರಿನ ಕಡೆಗೆ ಇಳಿದುಹೋಗುತ್ತವೆ.

ಆದರೆ ಲಡೋಗಾದಲ್ಲಿ ಅಷ್ಟು ಬೆಲೆ ತೆತ್ತು ಅರಿತ ತತ್ತ್ವಗಳು ಕಲ್ಲಿನಲ್ಲಿ ಮಾತ್ರ ಉಳಿದಿಲ್ಲ. ಕೆನಡಾದ ಉತ್ತರ ಭಾಗದಲ್ಲಿ ಗಣಿಗಳಿಗೆ ಸರಕು ಸಾಗಿಸಲು 1982ರಿಂದ ನಿರ್ಮಿಸಲಾಗುತ್ತಿರುವ ಚಳಿಗಾಲದ ಹಾದಿ ಬಹುಪಾಲು ಸರೋವರಗಳ ಮೇಲೆಯೇ ಸಾಗುತ್ತದೆ. ಅಲ್ಲಿ ಹೊರೆ ಹೊತ್ತ ಲಾರಿಗಳಿಗೆ ಗಂಟೆಗೆ 25 ಕಿ.ಮೀ. ಮಿತಿ. ಎಸ್ಟೋನಿಯಾ ದೇಶದಲ್ಲಿ, ಚಳಿ ಸಾಕಷ್ಟು ಬಲಿತ ವರ್ಷಗಳಲ್ಲಿ, ದ್ವೀಪಗಳಿಗೆ ಹೋಗಲು ಸಮುದ್ರದ ಮಂಜುಗಡ್ಡೆಯ ಮೇಲೆ ಸರಕಾರವೇ ಹಾದಿ ತೆರೆಯುತ್ತದೆ. ಆ ಹಾದಿಯ ಆರಂಭದಲ್ಲಿ ಚಾಲಕರಿಗೆ ತಿಳಿಸುವ ನಿಯಮಗಳು ಹೊಸಬರಿಗೆ ವಿಚಿತ್ರವಾಗಿ ತೋರಬಹುದು. ಗಂಟೆಗೆ 25ರಿಂದ 40 ಕಿ.ಮೀ. ನಡುವಣ ವೇಗವನ್ನು ತೊರೆಯಬೇಕು. ವಾಹನಗಳ ನಡುವೆ 250 ಮೀಟರ್ ಅಂತರವಿರಬೇಕು. ಬೇರೆಲ್ಲ ರಸ್ತೆಗಳಲ್ಲಿ ಕಡ್ಡಾಯವಾದ ಸೊಂಟದ ಪಟ್ಟಿಯನ್ನು ಇಲ್ಲಿ ಬಿಚ್ಚಿಯೇ ಇಡಬೇಕು. ಮಂಜುಗಡ್ಡೆ ಕುಸಿದರೆ ತಟ್ಟನೆ ಹೊರಬರಬೇಕಲ್ಲವೆ? ಲಡೋಗಾದ ಚಾಲಕ ಬಾಗಿಲನ್ನು ತೆರೆದಿಟ್ಟುಕೊಂಡದ್ದೂ ಇದಕ್ಕಾಗಿಯೇ.

ಆ ನಿಯಮಗಳನ್ನು ಓದುವವನಿಗೆ ಲಡೋಗಾದ ಹೆಸರು ಗೊತ್ತಿರಬೇಕೆಂದಿಲ್ಲ. ಅವನು ವೇಗವನ್ನು ಇಳಿಸಿ, ಮುಂದಿನ ವಾಹನ ದೂರವಾಗುವವರೆಗೆ ಕಾದು, ನೆಟ್ಟ ಕೋಲುಗಳ ನಡುವೆ ಹೊರಟರೆ ಸಾಕು.